ಅಂಕಿಗಳಿಗೆ ರೂಪವಿತ್ತ ಪ್ಲೇಫೇರ್

ಶರಾವತಿ ನದಿಯ ದಡದಲ್ಲಿರುವ ಗೇರುಸೊಪ್ಪವು ಹದಿನಾರನೆಯ ಶತಮಾನದಲ್ಲಿ ಕರಿಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಘಟ್ಟದ ಮೆಣಸು ಹೊನ್ನಾವರಕ್ಕೆ ಇಳಿದು, ಹಡಗುಗಳನ್ನೇರಿ ದೂರದೇಶಗಳನ್ನು ಸೇರುತ್ತಿತ್ತು. ಇಂಥ ವ್ಯಾಪಾರವು ಎಲ್ಲಿಯೇ ನಡೆಯಲಿ, ಅದರ ಲೆಕ್ಕವು ಅಂಕಿಗಳ ಉದ್ದನೆಯ ಸಾಲುಗಳಾಗಿ ಕಡತಗಳಲ್ಲಿ ಉಳಿಯುತ್ತಿತ್ತು. ವ್ಯಾಪಾರವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಆ ಸಾಲುಗಳಿಂದ ತಿಳಿಯುವುದು ಸುಲಭವಾಗಿರಲಿಲ್ಲ. ಅಂಥ ಅಂಕಿಗಳನ್ನು ಚಿತ್ರವಾಗಿಸಿ, ಒಂದೇ ನೋಟಕ್ಕೆ ಅರ್ಥವಾಗುವಂತೆ ಮಾಡಿದವನು ವಿಲಿಯಂ ಪ್ಲೇಫೇರ್.

ಪ್ಲೇಫೇರ್ 1759ರಲ್ಲಿ ಸ್ಕಾಟ್‌ಲೆಂಡಿನ ಡಂಡೀ ನಗರದ ಸಮೀಪದ ಲಿಫ್ ಎಂಬ ಹಳ್ಳಿಯಲ್ಲಿ ಜನಿಸಿದನು. ಪಾದ್ರಿಯಾಗಿದ್ದ ತಂದೆ 1772ರಲ್ಲಿ ತೀರಿಕೊಂಡನು. ಮುಂದೆ ಗಣಿತಜ್ಞನೆಂದು ಪ್ರಸಿದ್ಧನಾದ ಅಣ್ಣ ಜಾನ್, ತಮ್ಮನ ವಿದ್ಯಾಭ್ಯಾಸದ ಹೊಣೆ ಹೊತ್ತನು. ಪ್ರತಿದಿನದ ಉಷ್ಣತೆಯನ್ನು ಅಳೆದು, ಅದನ್ನು ಗೆರೆಗಳ ಮೂಲಕ ಗುರುತಿಸಲು ಅವನು ತಮ್ಮನಿಗೆ ಕಲಿಸಿದನು. ಬಾಲ್ಯದ ಈ ಪಾಠವೇ ಪ್ಲೇಫೇರನ ಮುಂದಿನ ಸಾಧನೆಗೆ ಬೀಜವಾಯಿತು.

1777ರಲ್ಲಿ ಅವನು ಬರ್ಮಿಂಗ್‌ಹ್ಯಾಮಿಗೆ ತೆರಳಿ, ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್‌ನ ಬಳಿ ನಕಾಶೆಗಾರನೂ ಸಹಾಯಕನೂ ಆಗಿ ದುಡಿದನು. ಅನಂತರ ಲಂಡನ್ನಿನಲ್ಲಿ ಬೆಳ್ಳಿಯ ಸಾಮಾನುಗಳ ಅಂಗಡಿಯನ್ನು ತೆರೆದನು. ಅದು ನಿಲ್ಲಲಿಲ್ಲ.

1786ರಲ್ಲಿ ಅವನ ‘ವಾಣಿಜ್ಯ ಮತ್ತು ರಾಜಕೀಯ ಅಟ್ಲಾಸ್’ ಪ್ರಕಟವಾಯಿತು. ಅಟ್ಲಾಸ್ ಎಂಬ ಹೆಸರಿದ್ದರೂ ಅದರಲ್ಲಿ ದೇಶಗಳ ಭೂಪಟಗಳಿರಲಿಲ್ಲ. 44 ಅಂಕಿಅಂಶದ ನಕ್ಷೆಗಳಿದ್ದುವು. ಅಡ್ಡರೇಖೆಯ ಮೇಲೆ ವರ್ಷಗಳನ್ನೂ ಲಂಬರೇಖೆಯ ಮೇಲೆ ಹಣದ ಮೊತ್ತವನ್ನೂ ಗುರುತಿಸಿ, ಆಮದಿಗೆ ಒಂದು, ರಫ್ತಿಗೆ ಒಂದು ಗೆರೆಯನ್ನು ಅವನು ಎಳೆದನು. ಎರಡು ಗೆರೆಗಳ ನಡುವಣ ಅಂತರವೇ ದೇಶದ ಲಾಭನಷ್ಟವನ್ನು ಸಾರುತ್ತಿತ್ತು. ನಮ್ಮ ದೇಶವೂ ಸೇರಿದ್ದ ಪೂರ್ವದೇಶಗಳೊಡನೆ ಇಂಗ್ಲೆಂಡ್ ನಡೆಸಿದ ವ್ಯಾಪಾರದ ನಕ್ಷೆಯೂ ಅವುಗಳಲ್ಲಿ ಒಂದು. ಅದರಲ್ಲಿ ಆಮದಿನ ಗೆರೆಯು ರಫ್ತಿನ ಗೆರೆಗಿಂತ ಮೇಲೆ ಹರಿದಿತ್ತು.

ಸ್ಕಾಟ್‌ಲೆಂಡಿನ ವ್ಯಾಪಾರದ ವಿಷಯದಲ್ಲಿ ಮಾತ್ರ ಅವನಿಗೆ ಒಂದೇ ವರ್ಷದ ಅಂಕಿಗಳು ದೊರೆತಿದ್ದುವು. ಒಂದು ವರ್ಷದಿಂದ ಏರಿಳಿತದ ಗೆರೆ ಮೂಡದು. ಆದುದರಿಂದ ಪ್ರತಿಯೊಂದು ದೇಶದ ಹೆಸರಿನೆದುರು ಪಟ್ಟಿಗಳನ್ನು ಎಳೆದು, ಅವುಗಳ ಉದ್ದದಿಂದ ವ್ಯಾಪಾರದ ಪ್ರಮಾಣವನ್ನು ತೋರಿಸಿದನು. ಕಾಲದ ಗತಿಯನ್ನು ತೋರದ ಈ ನಕ್ಷೆಯನ್ನು ಅವನೇ ಕೀಳೆಂದು ಎಣಿಸಿದ್ದನು. ಆದರೆ ಕೊರತೆಯಿಂದ ಹುಟ್ಟಿದ ಅದೇ ಸ್ತಂಭನಕ್ಷೆ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. 1801ರಲ್ಲಿ ಪ್ರಕಟವಾದ ಇನ್ನೊಂದು ಗ್ರಂಥದಲ್ಲಿ ಅವನು ವೃತ್ತವನ್ನು ಭಾಗಗಳಾಗಿ ಸೀಳಿ, ತುರ್ಕಿ ಸಾಮ್ರಾಜ್ಯದ ಎಷ್ಟು ಪಾಲು ಯಾವ ಖಂಡದಲ್ಲಿದೆಯೆಂಬುದನ್ನು ತೋರಿಸಿದನು. ಇದೇ ವೃತ್ತನಕ್ಷೆಯ ಆರಂಭ.

ಪ್ಲೇಫೇರನ ಬದುಕು ಅವನ ನಕ್ಷೆಗಳಷ್ಟು ನೇರವಾಗಿರಲಿಲ್ಲ. ಪ್ಯಾರಿಸ್ಸಿನಲ್ಲಿದ್ದಾಗ ಅವನು ಅಮೆರಿಕದ ಓಹಾಯೊ ಪ್ರಾಂತದ ಜಮೀನನ್ನು ಮಾರುವ ಕಂಪನಿಯೊಂದರ ಪರವಾಗಿ ದುಡಿದನು. ಹಣ ತೆತ್ತು ಸಮುದ್ರ ದಾಟಿದ ನೂರಾರು ಫ್ರೆಂಚರಿಗೆ, ಆ ನೆಲದ ಮೇಲೆ ತಮಗೆ ಹಕ್ಕೇ ಇಲ್ಲವೆಂಬುದು ಅಲ್ಲಿ ಮುಟ್ಟಿದ ಮೇಲೆ ತಿಳಿಯಿತು. ಈ ಕಳಂಕ ಅವನನ್ನು ಬಿಡಲಿಲ್ಲ. ಇಂಗ್ಲೆಂಡಿಗೆ ಮರಳಿದ ಮೇಲೆ ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ಆದರೂ ಅವನ ಲೇಖನಿ ನಿಲ್ಲಲಿಲ್ಲ. 1821ರಲ್ಲಿ, ಎರಡೂವರೆ ಶತಮಾನಗಳ ಗೋಧಿಯ ಬೆಲೆಯನ್ನೂ ಕುಶಲಕರ್ಮಿಯ ಕೂಲಿಯನ್ನೂ ಒಂದೇ ನಕ್ಷೆಯಲ್ಲಿ ಜೋಡಿಸಿದನು. 1823ರಲ್ಲಿ ಲಂಡನ್ನಿನಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಅವನ ಸಾಧನೆಯ ಹಿರಿಮೆಯನ್ನು ಅವನ ನಾಡು ಬಹುಕಾಲದವರೆಗೆ ಅರಿಯಲಿಲ್ಲ.

ಇಂದು ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಅಂಕಿಗಳನ್ನು ಸಾಲುಸಾಲಾಗಿ ತುಂಬಿದರೆ ಸಾಕು, ನಕ್ಷೆಯು ಕ್ಷಣಮಾತ್ರದಲ್ಲಿ ಮೂಡುತ್ತದೆ. ಆದರೆ ಏರಿಳಿತವನ್ನು ತೋರಲು ರೇಖೆ, ಹೋಲಿಸಲು ಸ್ತಂಭ, ಪಾಲನ್ನು ತಿಳಿಸಲು ವೃತ್ತ ಎಂಬ ವಿವೇಚನೆಯನ್ನು ಮನುಷ್ಯನೇ ಮಾಡಬೇಕು. ಅಂಕಿಗಳು ಸುಳ್ಳಾದರೆ ಎಂಥ ಅಂದವಾದ ನಕ್ಷೆಯೂ ಸುಳ್ಳೇ ಆಗುತ್ತದೆ. ಗೇರುಸೊಪ್ಪದ ವಿದ್ಯಾರ್ಥಿಯೊಬ್ಬನು ಹತ್ತು ವರ್ಷಗಳ ಮೆಣಸಿನ ಧಾರಣೆಯನ್ನು ತಪ್ಪಿಲ್ಲದೆ ಬರೆದಿಟ್ಟು ಗೆರೆಯೆಳೆದರೆ, ಬೆಳೆಗಾರನ ಸುಖದುಃಖಗಳೇ ಅಲ್ಲಿ ಕಾಣುತ್ತವೆ. ಪ್ಲೇಫೇರ್ ಲೋಕಕ್ಕೆ ಬಿಟ್ಟುಹೋದ ಆಸ್ತಿ ಇದೇ.