ಅಂಚೆಚೀಟಿಯಲ್ಲಿ ನಮ್ಮ ಮಲ್ಲಿಕಾರ್ಜುನ ಮನಸೂರ

ಅಂಚೆಚೀಟಿ ಸಂಗ್ರಹ ನಮ್ಮಲ್ಲಿ ಹಲವರ ಮೆಚ್ಚಿನ ಹವ್ಯಾಸ. ಊರಿನಿಂದ ಅಪರೂಪಕ್ಕೆ ಬರುವ ಲಕೋಟೆಯ ಚೀಟಿಯನ್ನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಬಿಡಿಸಿ, ಒಣಗಿಸಿ ಆಲ್ಬಮ್ಮಿಗೆ ಸೇರಿಸುವಾಗ ಆಗುವ ಸಂತೋಷವೇ ಬೇರೆ. ಕೆಲವರು ಹೂವು, ಹಕ್ಕಿಗಳ ಚೀಟಿ ಕೂಡಿಸಿದರೆ ಇನ್ನು ಕೆಲವರು ಆಟಗಾರರ, ಸಂಗೀತಗಾರರ ಚೀಟಿ ಕೂಡಿಸುತ್ತಾರೆ. ಹಾಕಿಯ ಧ್ಯಾನ್‌ಚಂದ್ ಅವರ ಚೀಟಿ 1980ರಲ್ಲೇ ಬಂದಿತ್ತು. 2014ರ ಸೆಪ್ಟೆಂಬರ್ 3ರಂದು ಭಾರತೀಯ ಅಂಚೆ ಇಲಾಖೆ ಎಂಟು ಮಂದಿ ಸಂಗೀತಗಾರರ ಚೀಟಿಗಳನ್ನು ಹೊರತಂದಿತು. ರವಿಶಂಕರ್, ಅಲಿ ಅಕ್ಬರ್ ಖಾನ್, ವಿಲಾಯತ್ ಖಾನ್, ಡಿ.ಕೆ. ಪಟ್ಟಮ್ಮಾಳ್ ಅವರ ಜೊತೆಗಿದ್ದ ಉಳಿದ ನಾಲ್ವರು ಯಾರು ಗೊತ್ತೇ? ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ ಮತ್ತು ಮಲ್ಲಿಕಾರ್ಜುನ ಮನಸೂರ. ನಾಲ್ವರೂ ನಮ್ಮ ಉತ್ತರ ಕರ್ನಾಟಕದಲ್ಲಿ ಹುಟ್ಟಿದವರು! ಇವರಲ್ಲಿ ಮನಸೂರರ ಬದುಕನ್ನು ನಾವು ಈಗ ತಿಳಿಯೋಣ.

ಧಾರವಾಡದ ಸಮೀಪದ ಮನಸೂರು ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1910ರ ಡಿಸೆಂಬರ್ 31ರಂದು ಮಲ್ಲಿಕಾರ್ಜುನರು ಜನಿಸಿದರು. ತಂದೆ ಭೀಮರಾಯಪ್ಪ, ತಾಯಿ ನೀಲಮ್ಮ. ಅಣ್ಣ ಬಸವರಾಜರಿಗೆ ನಾಟಕದ ನಂಟಿತ್ತು. ಹೀಗಾಗಿ ಬಾಲಕ ಮಲ್ಲಿಕಾರ್ಜುನ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿ ರಂಗವೇರಿದನು. ಅವನ ಇಂಪಾದ ಕಂಠವನ್ನು ಕೇಳಿದ ಅಪ್ಪಯ್ಯ ಸ್ವಾಮಿಗಳು ಅವನಿಗೆ ಕರ್ನಾಟಕ ಸಂಗೀತದ ಮೊದಲ ಪಾಠ ಹೇಳಿದರು. ಮುಂದೆ ಮೀರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಹಿಂದೂಸ್ತಾನಿ ಸಂಗೀತದ ಕಲಿಕೆ ನಡೆಯಿತು.

ಯೌವನದಲ್ಲೇ ಮನಸೂರರಿಗೆ ಹೆಸರು ಬಂತು. ಅವರ ಹಾಡುಗಳನ್ನು ಎಚ್.ಎಂ.ವಿ. ಸಂಸ್ಥೆ ಗ್ರಾಮಫೋನ್ ತಟ್ಟೆಗಳಲ್ಲಿ ಹೊರತಂದಿತು. ಬೇರೆಯವರಾದರೆ ಅಷ್ಟಕ್ಕೇ ತೃಪ್ತಿಪಡುತ್ತಿದ್ದರೇನೋ. ಆದರೆ ಮನಸೂರರು ಜೈಪುರ-ಅತ್ರೌಲಿ ಘರಾಣೆಯ ಹಿರಿಯರಾದ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯರಾಗಿ ಮತ್ತೆ ವಿದ್ಯಾರ್ಥಿಯಂತೆ ಕುಳಿತರು. ಈ ಘರಾಣೆಯ ಗಾಯನ ಬಹಳ ಕಠಿಣ. ಎರಡು ರಾಗಗಳು ಒಂದರೊಳಗೊಂದು ಹೆಣೆದುಕೊಂಡ ಜೋಡು ರಾಗಗಳು, ಅಪರೂಪದ ರಾಗಗಳು ಇದರ ವೈಶಿಷ್ಟ್ಯ.

ಕಲಿಕೆ ಇನ್ನೂ ಮುಗಿದಿರಲಿಲ್ಲ. 1937ರಲ್ಲಿ ಮಂಜಿ ಖಾನರು ಅಕಾಲದಲ್ಲಿ ತೀರಿಕೊಂಡರು. ಶಿಷ್ಯನಿಗೆ ದಿಕ್ಕೇ ತೋಚದಂಥ ಸಮಯವದು. ಆಗ ಮಂಜಿ ಖಾನರ ತಮ್ಮ ಭೂರ್ಜಿ ಖಾನರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿ ಕಲಿಕೆಯನ್ನು ಮುಂದುವರಿಸಿದರು. ಶುದ್ಧ ನಟ್, ಬಹಾದುರಿ ತೋಡಿ, ಶಿವಮತ ಭೈರವ್, ಲಚ್ಛಾಸಾಖ್ ಮುಂತಾದ ಅಪರೂಪದ ರಾಗಗಳು ಮನಸೂರರ ಕಂಠದಲ್ಲಿ ನೆಲೆ ನಿಂತವು. ಹಿಂದೂ ಶಿಷ್ಯನಿಗೆ ಮುಸ್ಲಿಂ ಗುರುಗಳು ತಮ್ಮ ಮನೆತನದ ವಿದ್ಯೆಯನ್ನು ಧಾರೆಯೆರೆದರು ಎಂಬುದನ್ನು ನಾವು ಮರೆಯಬಾರದು.

ಇಷ್ಟಾದರೂ ದೇಶಮಟ್ಟದ ಮನ್ನಣೆ ತಡವಾಗಿಯೇ ಬಂತು. ಪದ್ಮಶ್ರೀ ಬಂದಾಗ (1970) ಅವರಿಗೆ ಅರವತ್ತರ ಹತ್ತಿರ ಹತ್ತಿರ ವಯಸ್ಸು. ಅನಂತರ 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ದೊರೆತವು. ಅವರು ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾಗಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ತಮ್ಮ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಕನ್ನಡದಲ್ಲೇ ಬರೆದರು. ಕೀರ್ತಿ ಬೆಳೆದರೂ ಮುಂಬಯಿ, ದೆಹಲಿಗಳಲ್ಲಿ ನೆಲೆಸದೆ ಧಾರವಾಡದ ತಮ್ಮ 'ಮೃತ್ಯುಂಜಯ' ಮನೆಯಲ್ಲೇ ಸರಳವಾಗಿ ಬಾಳಿದರು. 1992ರ ಸೆಪ್ಟೆಂಬರ್ 12ರಂದು ಅವರು ನಮ್ಮನ್ನಗಲಿದರು.

ಅವರು ತೀರಿಕೊಂಡ 22 ವರ್ಷಗಳ ಮೇಲೆ ಬಂದ ಆ ಪುಟ್ಟ ಚೀಟಿಯ ಹಿಂದೆ ಇಷ್ಟು ದೊಡ್ಡ ಬದುಕಿದೆ. ಹೆಸರು ಬಂದ ಮೇಲೂ ಕಲಿಯಲು ಕುಳಿತವರು ಅವರು. ಒಂದು ಪರೀಕ್ಷೆಯ ಅಂಕ ಕಡಿಮೆಯಾದರೆ ಕುಗ್ಗುವ, ಹೆಚ್ಚಾದರೆ ಹಿಗ್ಗುವ ನಮಗೆ ಇದು ದೊಡ್ಡ ಪಾಠವಲ್ಲವೇ?

ವಿದ್ಯಾರ್ಥಿಗಳೇ, ಮುಂದಿನ ಸಲ ಆಲ್ಬಮ್ಮಿಗೆ ಒಂದು ಚೀಟಿ ಅಂಟಿಸುವಾಗ ಪಕ್ಕದಲ್ಲಿ ಆ ವ್ಯಕ್ತಿಯ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಸಂಗೀತಗಾರರಾದರೆ ಅವರ ಒಂದು ಹಾಡನ್ನೂ ಹುಡುಕಿ ಕೇಳಿ. ಆಗ ನಮ್ಮ ಸಂಗ್ರಹ ಬರೀ ಕಾಗದದ ಚೂರುಗಳ ಗಂಟಾಗದೆ ಜ್ಞಾನದ ಭಂಡಾರವಾಗುತ್ತದೆ.