ಚಾಂದ್ ಬೀಬಿ: ಬಾವಡಿಗೆ ಹೆಸರಾದ ರಾಣಿ

ಇರಾನಿನ ಕಲೆ ಮತ್ತು ಅಲ್ಲಿನ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಬರೆಯೋಣವೆಂದು ಕುಳಿತಿದ್ದೆ. ದೇಶಪಾಂಡೆ ನಗರದಲ್ಲಿ ಕುಳಿತವಳಿಗೆ ಟೆಹರಾನಿಗಿಂತ ವಿಜಯಪುರವೇ ಹತ್ತಿರ ಅನ್ನಿಸಿತು. ಅಲ್ಲಿನ ಆದಿಲಶಾಹಿಗಳ ಮೂಲಪುರುಷ ಯೂಸುಫ್ ಇರಾನಿನಿಂದ ಬಂದವನು. ಅವರ ಇತಿಹಾಸ ಬರೆದ ಫರಿಶ್ತಾ ಕೂಡ ಇರಾನಿನವನೇ, ಬರೆದದ್ದು ಪಾರಸಿಯಲ್ಲಿ.

ಕಳೆದ ರಜೆಯಲ್ಲಿ ಖಾಲಾ ಜೊತೆ ವಿಜಯಪುರಕ್ಕೆ ಹೋದಾಗ ಚಾಂದ್ ಬಾವಡಿ ನೋಡಿದೆ. 1579ರಲ್ಲಿ ಒಂದನೇ ಅಲಿ ಆದಿಲಶಹಾ ಕಟ್ಟಿಸಿ ಹೆಂಡತಿಯ ಹೆಸರಿಟ್ಟ ಬಾವಿ ಅದು. ಮರುವರ್ಷವೇ ಅವನ ಕೊಲೆಯಾಯಿತು. ಮಕ್ಕಳಿರಲಿಲ್ಲ. ಪಟ್ಟಕ್ಕೆ ಬಂದ ಇಬ್ರಾಹಿಂ ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಚಾಂದ್ ಬೀಬಿ. ಸರದಾರರಿಗೆ ಇದು ಹಿಡಿಸಲಿಲ್ಲ. ಕಿಶ್ವರ್ ಖಾನನೆಂಬವನು ಆಕೆಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಆದರೆ ಅವನ ಆಟ ಬಹಳ ದಿನ ನಡೆಯಲಿಲ್ಲ, ಆಕೆ ಮರಳಿ ಬಂದಳು.

ಆಕೆಯ ತಾಯಿ ಖುಂಜಾ ಹುಮಾಯೂನಳದೂ ಇದೇ ಕಥೆ. ಅಹಮದನಗರದಲ್ಲಿ ಮಗನ ಪರವಾಗಿ ಆಳಿದಳು, ಕೊನೆಗೆ ಮಗನೇ ಸೆರೆಗೆ ಹಾಕಿದ. ಆಕೆಯ ಗಂಡನನ್ನು ಹೊಗಳಿ ಬರೆದ ಪಾರಸಿ ಕಾವ್ಯದ ಸಚಿತ್ರ ಪ್ರತಿಯೊಂದು ಪುಣೆಯಲ್ಲಿದೆ. ಅದರಲ್ಲಿ ರಾಜನ ಪಕ್ಕ ಕುಳಿತ ರಾಣಿಯನ್ನು ಹೆಚ್ಚಿನ ಚಿತ್ರಗಳಲ್ಲಿ ಯಾರೋ ಅಳಿಸಿಬಿಟ್ಟಿದ್ದಾರೆ. ಆ ಚಿತ್ರದ ಫೋಟೋ ನೋಡಿದಾಗ ನನಗೆ ಖಾಲಾ ನೆನಪಾದರು. ಖಾಲೂ ತೀರಿಕೊಂಡ ಮೇಲೆ ಬಳೆ ಅಂಗಡಿ ನಡೆಸುತ್ತಿರುವವರು ಅವರೇ. ಆದರೂ ಬಂದವರು ಮಾಲೀಕರು ಎಲ್ಲಿ ಎಂದು ಅವರನ್ನೇ ಕೇಳುತ್ತಾರೆ.

ಮುಂದೆ ಚಾಂದ್ ಬೀಬಿ ತವರಿಗೆ ಹೋದಳು. ಅಲ್ಲಿ ಸಹೋದರನ ಮೊಮ್ಮಗ, ಕೂಸು ಬಹಾದೂರನ ಪರ ನಿಂತಳು. 1595ರ ಕೊನೆಗೆ ಅಕ್ಬರನ ಮಗ ಮುರಾದ್ ಅಹಮದನಗರ ಕೋಟೆಗೆ ಮುತ್ತಿಗೆ ಹಾಕಿದ. ಮೊಗಲರು ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದರು. ಒಳಗಿನವರು ಕೆಲವನ್ನು ಪತ್ತೆ ಮಾಡಿ ಕೆಡಿಸಿದರೂ ಒಂದು ಸಿಡಿದು ಗೋಡೆ ಕುಸಿಯಿತು. ಮುಖಕ್ಕೆ ಪರದೆ, ಕೈಯಲ್ಲಿ ಕತ್ತಿ ಹಿಡಿದು ಚಾಂದ್ ಬೀಬಿ ಆ ಬಿರುಕಿನಲ್ಲೇ ನಿಂತಳು. ರಾತ್ರಿ ಕಳೆಯುವುದರೊಳಗೆ ಗೋಡೆ ಮತ್ತೆ ಎದ್ದಿತು. ಗುಂಡು ಮುಗಿದಾಗ ಬೆಳ್ಳಿ ನಾಣ್ಯ ತುಂಬಿ ಹಾರಿಸಿದಳೆಂದು ಜನ ಹೇಳುತ್ತಾರೆ. ಇದನ್ನು ಹೇಳಿದರೆ ಖಾಲಾ ನಂಬಲಿಲ್ಲ, ಲೆಕ್ಕ ಬಲ್ಲ ಹೆಂಗಸು ಹಾಗೆ ಮಾಡಲಾರಳಂತೆ!

ಆದರೆ ಆಕೆಗೆ ಪೂರ್ಣ ಗೆಲುವೇನೂ ಸಿಗಲಿಲ್ಲ. 1596ರ ಒಪ್ಪಂದದಲ್ಲಿ ಬೇರಾರ್ ಪ್ರಾಂತ ಮೊಗಲರಿಗೆ ಹೋಯಿತು, ಕೋಟೆ ಉಳಿಯಿತು. ಶಾಲೆಯ ಪುಸ್ತಕಗಳು ಕತ್ತಿಯನ್ನಷ್ಟೇ ಹೇಳುತ್ತವೆ. ನನಗೆ ಈ ಒಪ್ಪಂದವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

1600ರಲ್ಲಿ ಮೊಗಲರು ಮತ್ತೆ ಬಂದರು. ಈ ಸಲ ಹೋರಾಡಿ ಉಳಿಯುವುದು ಆಗದೆಂದು ಕಂಡು, ಮಗುವಿನ ಜೀವ ಉಳಿಸಲು ಮಾತುಕತೆಗೆ ಮುಂದಾದಳು. ಆಕೆ ಶತ್ರುಗಳಿಗೆ ಕೋಟೆ ಮಾರಿದಳೆಂದು ಸುದ್ದಿ ಹಬ್ಬಿತು. ಆಕೆಯದೇ ಸೈನಿಕರು ಒಳಗೆ ನುಗ್ಗಿ ಕೊಂದುಹಾಕಿದರು. ಸ್ವಲ್ಪ ದಿನಗಳಲ್ಲೇ ಕೋಟೆ ಬಿತ್ತು. ಬಹಾದೂರನನ್ನು ಮೊಗಲರು ಗ್ವಾಲಿಯರ್ ಕೋಟೆಗೆ ಸೆರೆಯಾಳಾಗಿ ಕಳಿಸಿದರು.