ಕಡುಕೋಪಿಯಾಗಿದ್ದ ಹೆನ್ರಿ ಮಾರ್ಟಿನನ ಚರಿತ್ರೆ

ಹೊಸ ಒಡಂಬಡಿಕೆಯನ್ನು ಹಿಂದೂಸ್ಥಾನಿಗೂ ಪಾರಸಿಗೂ ಭಾಷಾಂತರಿಸಿದ ಹೆನ್ರಿ ಮಾರ್ಟಿನನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಆತನ ವಿದ್ಯೆಯನ್ನು ಹೊಗಳುವವರು ಬಹು ಮಂದಿ. ಆತನು ಹುಟ್ಟುಗುಣದಿಂದ ಕಡುಕೋಪಿಯಾಗಿದ್ದನೆಂಬದನ್ನು ಬಲ್ಲವರು ಸ್ವಲ್ಪ. ಸಿಟ್ಟು ತಮ್ಮ ರಕ್ತದಲ್ಲಿಯೇ ಇರುವದೆಂದೂ ಅದಕ್ಕೆ ಔಷಧವಿಲ್ಲವೆಂದೂ ಹೇಳಿಕೊಳ್ಳುವವರು ನಮ್ಮ ಸಭೆಗಳಲ್ಲಿ ಇಲ್ಲದೆ ಇಲ್ಲ. ಆದಕಾರಣ ಈ ಚರಿತ್ರೆಯನ್ನು ಆ ಕಡೆಯಿಂದಲೇ ಹೇಳುವೆವು.

ಮಾರ್ಟಿನನು 1781ರ ಫೆಬ್ರವರಿ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಟ್ರೂರೋ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಮೊದಲು ಗಣಿಯಲ್ಲಿ ದುಡಿದು, ತರುವಾಯ ಲೆಕ್ಕ ಕಲಿತು ಒಬ್ಬ ವರ್ತಕನ ಬಳಿಯಲ್ಲಿ ಗುಮಾಸ್ತನಾದವನು. ಮಗನು ಬಡಕಲು ಮೈಯವನು. ಶಾಲೆಯ ದೊಡ್ಡ ಹುಡುಗರು ಕೆಣಕಿದರೆ ಉರಿದೇಳುವನು. ಉರಿದಷ್ಟೂ ಅವರು ಹೆಚ್ಚಾಗಿ ಕೆಣಕುವರು. ಕೆಂಪ್‌ಥಾರ್ನ್ ಎಂಬ ಹಿರಿಯ ವಿದ್ಯಾರ್ಥಿಯು ಅವನನ್ನು ಕಾಪಾಡುತ್ತಿದ್ದನು.

1797ರಲ್ಲಿ ಅವನು ಕೇಂಬ್ರಿಜಿನ ವಿದ್ಯಾಶಾಲೆಯನ್ನು ಸೇರಿದನು. ಅಲ್ಲಿ ಒಂದು ದಿನ ಸ್ನೇಹಿತನೊಬ್ಬನ ಮೇಲೆ ಸಿಟ್ಟುಗೊಂಡು ಕೈಯಲ್ಲಿದ್ದ ಚೂರಿಯನ್ನು ಬೀಸಿ ಎಸೆದನು. ಗುರಿ ತಪ್ಪಿ ಅದು ಗೋಡೆಗೆ ನಾಟಿ ನಡುಗುತ್ತಾ ನಿಂತಿತು. ತುಸು ಇತ್ತ ಬಿದ್ದಿದ್ದರೆ ಮಾರ್ಟಿನನ ಚರಿತ್ರೆಯು ನ್ಯಾಯಸ್ಥಾನದಲ್ಲಿಯೇ ಮುಗಿಯುತ್ತಿತ್ತು.

ಚೂರಿಗಿಂತಲೂ ಅವನ ಮನಸ್ಸನ್ನು ಹೆಚ್ಚಾಗಿ ಇರಿದದ್ದು ಬೇರೊಂದು. 1799ರ ರಜೆಯಲ್ಲಿ ಅವನು ಮನೆಗೆ ಬಂದಾಗ ದೈವಭಕ್ತಳಾದ ತಂಗಿಯು ರಕ್ಷಣೆಯ ವಿಷಯವಾಗಿ ಮಾತಾಡಿದಳು. ಅವನು ಅವಳಿಗೂ, ತನ್ನ ಮಾತಿಗೆ ಒಡಂಬಡದ ತಂದೆಗೂ ಕಠಿಣವಾದ ನುಡಿಗಳನ್ನು ಆಡಿ ತಿರುಗಿ ಹೋದನು. 1800ರ ಜನವರಿಯಲ್ಲಿ ತಂದೆ ತೀರಿಹೋದ ಸುದ್ದಿ ಬಂತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಸಮಾಧಾನವಾಗಬೇಕೆಂದು ಕರ್ತನು ಬೆಟ್ಟದ ಮೇಲೆ ಕಲಿಸಿದ್ದಾನೆ. ಆದರೆ ಸಮಾಧಾನವಾಗಬೇಕಾದವನು ಸಮಾಧಿಯಲ್ಲಿರುವಾಗ ಮಗನು ಎಲ್ಲಿಗೆ ಹೋಗಬೇಕು? ಕೆಂಪ್‌ಥಾರ್ನನು ಈ ದುಃಖದ ಕಾಲವನ್ನು ವ್ಯರ್ಥಪಡಿಸಬಾರದೆಂದು ಬುದ್ಧಿ ಹೇಳಿದನು. ಮಾರ್ಟಿನನು ಸತ್ಯವೇದವನ್ನು ತೆರೆದು, ಕಥೆಯಂತಿರುವದರಿಂದ ಅಪೊಸ್ತಲರ ಕೃತ್ಯಗಳನ್ನು ಮೊದಲು ಓದಿದನು. ಓದುತ್ತಾ ಓದುತ್ತಾ ಅದರ ಉಪದೇಶವು ಹೃದಯಕ್ಕೆ ತಗಲಿತು. ಅವನು ಮೊಣಕಾಲೂರಿ ಪ್ರಾರ್ಥಿಸಲಾರಂಭಿಸಿದನು.

1801ರಲ್ಲಿ, ಇಪ್ಪತ್ತು ವರುಷ ತುಂಬುವದರೊಳಗೆ, ಗಣಿತದ ಪರೀಕ್ಷೆಯಲ್ಲಿ ಎಲ್ಲರಿಗೂ ಮೊದಲನೆಯವನಾದನು. ಚಾರ್ಲ್ಸ್ ಸಿಮಿಯೋನನೆಂಬ ಬೋಧಕನ ಕೈಕೆಳಗೆ ಸೇವೆಮಾಡಿ, 1805ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಪಾದ್ರಿಯಾಗಿ ಹೊರಟು ಮರುವರುಷ ಕಲ್ಕತ್ತೆಗೆ ಬಂದನು.

ಸ್ವಭಾವವು ಒಂದೇ ದಿನದಲ್ಲಿ ಸತ್ತುಹೋಗಲಿಲ್ಲ. ಗಂಗಾತೀರದ ದಾನಾಪುರದಲ್ಲಿ ಆತನು ಪಲ್ಟಣದವರಿಗೆ ಉಪದೇಶಿಸುತ್ತಿದ್ದಾಗ, ಬಾಯಿಂದ ಪ್ರಸಂಗಿಸದೆ ಬರೆದುಕೊಂಡು ಬಂದು ಓದಬೇಕೆಂದು ಅಲ್ಲಿಯ ದೊರೆಗಳು ಹೇಳಿಕಳುಹಿಸಿದರು. ಮೊದಲು ಆತನಿಗೆ ಸಿಟ್ಟು ಏರಿತು. ಸ್ವಲ್ಪ ತಾಳಿ ಆಲೋಚಿಸಿದ ಮೇಲೆ, ಇವರು ದೇವರ ವಾಕ್ಯವನ್ನು ಕೇಳುವದಾದರೆ ಎಷ್ಟು ದಪ್ಪ ಪುಸ್ತಕವನ್ನಾದರೂ ಹಿಡಿದು ಓದಬಹುದಲ್ಲಾ ಎಂದು ಒಪ್ಪಿಕೊಂಡನು. ಕಿವಿಗೊಡುವದರಲ್ಲಿ ತೀವ್ರವಾಗಿಯೂ ಕೋಪಿಸುವದರಲ್ಲಿ ನಿಧಾನವಾಗಿಯೂ ಇರಬೇಕೆಂದು ಯಾಕೋಬನು ಬರೆದದ್ದನ್ನು ಆತನು ಹೀಗೆ ಚಿಕ್ಕ ಚಿಕ್ಕ ಕಾರ್ಯಗಳಲ್ಲಿ ಕಲಿಯಬೇಕಾಯಿತು. ಆತನ ದಿನಚರಿಯಲ್ಲಿ ದೇವರ ಮುಂದೆ ತನ್ನ ಗರ್ವವನ್ನೂ ಮುಂಗೋಪವನ್ನೂ ಅರಿಕೆಮಾಡಿದ ಮಾತುಗಳು ಪದೇ ಪದೇ ಸಿಕ್ಕುತ್ತವೆ.

ಇಂಥವನಿಗೆ ದೇವರು ಜೊತೆಗಾರನನ್ನಾಗಿ ಕೊಟ್ಟದ್ದು ಯಾರನ್ನು? ಸಬಾತನೆಂಬ ಅರಬಿಯವನನ್ನು! ಇವನು ಮದರಾಸಿನಲ್ಲಿ ದೀಕ್ಷಾಸ್ನಾನ ಹೊಂದಿದವನು. ಅರಬಿ ಪಾರಸಿಗಳಲ್ಲಿ ಪಂಡಿತನು. 1807ರಲ್ಲಿ ಭಾಷಾಂತರದ ಸಹಾಯಕ್ಕೆಂದು ಬಂದನು. ಮಾರ್ಟಿನನ ಹಳೇ ಕೋಪವು ಇವನ ಕೋಪದ ಮುಂದೆ ಹಣತೆಯಷ್ಟೇ. ಒಂದು ಶಬ್ದವನ್ನು ತಿದ್ದಿದರೂ ಮುನಿಯುವನು, ಆಳುಗಳೊಡನೆ ಜಗಳವಾಡುವನು, ಕೆಲಸ ಬಿಟ್ಟು ಹೋಗುವೆನೆಂದು ಹೆದರಿಸುವನು. ಒಮ್ಮೆ ಮಾರ್ಟಿನನನ್ನೇ ದೂಷಿಸಿ ಮತ್ತೊಬ್ಬರಿಗೆ ಪತ್ರ ಬರೆದನು. ಅದು ಸುತ್ತಿಕೊಂಡು ಮಾರ್ಟಿನನ ಕೈಗೇ ಬಂತು. ಆತನು ಸಬಾತನನ್ನು ಕರೆದು ಆ ಪತ್ರವನ್ನು ಅವನಿಂದಲೇ ಓದಿಸಿದನು. ಅಷ್ಟು ಮಾತುಗಾರನಿಗೆ ಆಗ ಬಾಯಿ ಕಟ್ಟಿತು. ಮಾರ್ಟಿನನು ತನಗೆ ಅವನ ಮೇಲೆ ಹಗೆಯಿಲ್ಲವೆಂದು ತಿಳಿಸಿ ಕ್ಷಮಿಸಿಬಿಟ್ಟನು. ಸ್ನೇಹಿತನ ಮೇಲೆ ಚೂರಿ ಎಸೆದ ಕೈಯೂ ಇದೇ ಎಂಬದನ್ನು ವಾಚಕರು ನೆನಸಲಿ. ಸಬಾತನು ಮುಂದೆ ವಿಶ್ವಾಸವನ್ನು ಬಿಟ್ಟು ಅದಕ್ಕೆ ವಿರೋಧವಾಗಿ ಬರೆದನೆಂಬದನ್ನು ಮರೆಮಾಡಲಾರೆವು. ತಾಳ್ಮೆಯ ಫಲವು ನಾವು ಬಿತ್ತಿದ ಹೊಲದಲ್ಲಿಯೇ ಬೆಳೆಯುವದೆಂಬ ನಿಯಮವಿಲ್ಲ.

1809ರಲ್ಲಿ ಮಾರ್ಟಿನನು ಕಾನ್ಪುರಕ್ಕೆ ಹೋದನು. ಅಲ್ಲಿ ಆದಿತ್ಯವಾರದ ಸಾಯಂಕಾಲಗಳಲ್ಲಿ ನೂರಾರು ಭಿಕ್ಷುಕರು ಆತನ ಅಂಗಳದಲ್ಲಿ ಕೂಡುತ್ತಿದ್ದರು. ಕೆಲವರು ಬೈಯುವರು, ಕೂಗಿ ಮಾತನ್ನು ಅಡಗಿಸುವರು. ಆತನು ಗದ್ದಲವು ನಿಲ್ಲುವ ತನಕ ಕಾದು ಮುಂದರಿಸುವನು. ನೆರೆಯ ತೋಟದಿಂದ ಕೆಲವು ಮುಸಲ್ಮಾನ ಯುವಕರು ಪರಿಹಾಸ್ಯಕ್ಕೆಂದು ಬಂದು ಕೇಳಿದರು. ಅವರ ಗುಂಪಿನಲ್ಲಿದ್ದ ಶೇಖ್ ಸಾಲಿಹನು ಕೇಳಿದ್ದನ್ನು ಮರೆಯಲಾರದೆ ಹೋದನು. ಅವನು 1811ರಲ್ಲಿ ಕಲ್ಕತ್ತೆಯಲ್ಲಿ ಅಬ್ದುಲ್ ಮಸೀಹನೆಂಬ ಹೆಸರಿನಿಂದ ದೀಕ್ಷಾಸ್ನಾನ ಹೊಂದಿ, 1827ರಲ್ಲಿ ತೀರಿಕೊಳ್ಳುವ ತನಕ ಸುವಾರ್ತೆ ಸಾರಿದನು.

ಸಬಾತನ ಪಾರಸಿಯಲ್ಲಿ ಅರಬಿ ಶಬ್ದಗಳು ತುಂಬಿ ಜನರಿಗೆ ತಿಳಿಯದೆ ಹೋದದ್ದರಿಂದ ಮಾರ್ಟಿನನು ಕ್ಷಯರೋಗವಿದ್ದರೂ 1811ರಲ್ಲಿ ಹಡಗು ಹತ್ತಿ, ಗೋವೆ ಮುಂಬಯಿಗಳನ್ನು ದಾಟಿ ಪಾರಸಿ ದೇಶದ ಶಿರಾಜ್ ಪಟ್ಟಣವನ್ನು ಸೇರಿದನು. ಅಲ್ಲಿಯ ಮುಲ್ಲಾಗಳ ಕೂಡ ವಾದಿಸುತ್ತಲೇ 1812ರ ಫೆಬ್ರವರಿಯಲ್ಲಿ ಹೊಸ ಒಡಂಬಡಿಕೆಯ ಭಾಷಾಂತರವನ್ನು ಮುಗಿಸಿದನು.

ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆಂದು ತಬ್ರೀಜಿನಿಂದ ಕುದುರೆಯ ಮೇಲೆ ಹೊರಟನು. ದಾರಿ ತೋರಿಸಲು ಬಂದ ಹಸನನೆಂಬ ತಾತಾರನು ಜ್ವರದಿಂದ ನಡುಗುತ್ತಿದ್ದವನನ್ನು ಮಳೆಯಲ್ಲಿಯೂ ರಾತ್ರಿಯಲ್ಲಿಯೂ ಕರುಣೆಯಿಲ್ಲದೆ ಓಡಿಸಿದನು. ದಿನಚರಿಯಲ್ಲಿ ಆತನ ನಿರ್ದಯತೆಯನ್ನು ಮಾರ್ಟಿನನು ಬರೆದಿದ್ದಾನೆ. ಸೇಡಿನ ಮಾತನ್ನು ಬರೆಯಲಿಲ್ಲ. ಅಕ್ಟೋಬರ್ 6ರಂದು ಕುದುರೆಗಳು ಸಿಕ್ಕದೆ ಹೋದದ್ದರಿಂದ ಸ್ವಲ್ಪ ವಿಶ್ರಾಂತಿ ದೊರೆಯಿತು. ಆತನು ಒಂದು ಹಣ್ಣಿನ ತೋಟದಲ್ಲಿ ಕೂತು ದೇವರನ್ನು ಧ್ಯಾನಿಸಿ, ಮನಸ್ಸಿಗೆ ಸಮಾಧಾನ ಉಂಟಾಯಿತೆಂದು ಬರೆದನು. ದಿನಚರಿಯು ಅಲ್ಲಿಗೆ ನಿಲ್ಲುತ್ತದೆ. ಹತ್ತು ದಿನಗಳಾದ ಮೇಲೆ, 1812ರ ಅಕ್ಟೋಬರ್ 16ರಂದು, ತುರ್ಕರ ರಾಜ್ಯದ ತೋಕಾತ್ ಪಟ್ಟಣದಲ್ಲಿ ತನ್ನವರು ಯಾರೂ ಹತ್ತಿರವಿಲ್ಲದೆ ಪ್ರಾಣಬಿಟ್ಟನು. ಆಗ ಆತನಿಗೆ 31 ವರುಷ. ಆ ಊರಿನ ಆರ್ಮೇನಿಯ ಕ್ರೈಸ್ತರು ಆತನ ಶವವನ್ನು ಗೌರವದಿಂದ ಹೂಣಿಟ್ಟರು.